ಅರ್ಧ ಅಳತಿ

ಬಾಗಿಲು ಪೂರ್ತಿ ತೆರೆಯಬೇಡಿ. ಒಂದು ಗೇಣು ಸರಿಸಿ, ಹೊಸ್ತಿಲಲ್ಲೇ ನಿಂತು ಮೂಗಿನ ತುಂಬ ಉಸಿರೆಳೆದುಕೊಳ್ಳಿ. ನಿನ್ನೆ ತಿಕ್ಕಿಟ್ಟ ಡಬರಿಗಳ ಸೋಪು, ಮೂಲೆಯ ಅಕ್ಕಿ ಚೀಲದ ಗೋಣಿ, ರಾತ್ರಿ ಇಲಿ ಓಡಾಡಿದ ಕಮಟು. ಗ್ಯಾಸಿನ ನಾತ ಇಲ್ಲ. ಈಗ ಒಳಗೆ ಬನ್ನಿ, ಮೊದಲು ಕಿಟಕಿ ತೆರೆಯಿರಿ, ದೀಪದ ಬಟನ್ ಆಮೇಲೆ. ಇಪ್ಪತ್ತು ವರ್ಷದಿಂದ ಈ ಬಾಗಿಲಲ್ಲಿ ನಿಮ್ಮ ಮೂಗು ನಿಮಗಿಂತ ಒಂದು ಹೆಜ್ಜೆ ಮುಂದೆ ನಡೆದಿದೆ.

ನೀವು ಮುರಗೋಡದ ಸೀಮೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಅಡುಗೆಯವರು. ಡಿಸೆಂಬರ್ 2024 ಮುಗಿಯುತ್ತ ಬಂದಿದೆ. ಹೊರಗೆ ಎರೆಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿದೆ, ಸೀತನಿಯ ಕಾಲ. ಬೈಲಹೊಂಗಲದ ಕಡೆಯಿಂದ ಬಂದ ಬಸ್ಸು ಊರ ಮುಂದೆ ಎರಡು ಸಲ ಹಾರ್ನ್ ಹೊಡೆದು ಹೋಗುತ್ತದೆ. ಆ ಸದ್ದಿಗೆ ನೀವು ಸಿಲಿಂಡರಿನ ನಾಬ್ ತಿರುಗಿಸಿ ಒಲೆ ಹಚ್ಚುತ್ತೀರಿ. ಬೆಂಕಿ ಭುಗ್ಗೆಂದು ನೀಲಿಯಾಗುತ್ತದೆ. ಥಂಡಿಗೆ ಬಿಗಿದುಕೊಂಡಿದ್ದ ಬೆರಳುಗಳನ್ನು ಅದರ ಮೇಲೆ ಹಿಡಿಯಿರಿ. ಬಲಗೈ ಮಣಿಕಟ್ಟನ್ನು ಇನ್ನೊಂದಿಷ್ಟು ಹೊತ್ತು ಕಾಯಿಸಿ, ಅದಕ್ಕೆ ಇವತ್ತು ಕೆಲಸವಿದೆ.

ಈ ಕೈ ನೋಡಿ. ಮುಂಗೈ ಮೇಲೆ ಒಗ್ಗರಣೆ ಸಿಡಿದ ಬಿಳಿ ಚುಕ್ಕೆಗಳು, ಮೊಣಕೈ ಹತ್ತಿರ ಕುಕ್ಕರಿನ ಹಬೆ ಬರೆದ ಉದ್ದ ಗೆರೆ. ಹೆಬ್ಬೆರಳಿನ ಗೆರೆಗಳು ಬಿಸಿ ಮತ್ತು ಬೂದಿಗೆ ಸವೆದು ನುಣುಪಾಗಿವೆ. ರೇಷನ್ ಅಂಗಡಿಯ ಮಷಿನ್ ಮೇಲೆ ಒತ್ತಿದರೆ ಅದು ನಿಮ್ಮನ್ನು ಗುರುತಿಸುವುದಿಲ್ಲ, ಬೆರಳು ಒರೆಸಿ ಮತ್ತೊಮ್ಮೆ, ಮಗದೊಮ್ಮೆ ಒತ್ತಬೇಕು. ಒಂದರಿಂದ ಐದನೆಯ ತರಗತಿಯ 180 ಮಕ್ಕಳು ಮಾತ್ರ ಈ ಕೈಯನ್ನು ದೂರದಿಂದಲೇ ಗುರುತಿಸುತ್ತಾರೆ. ಅವರಿಗೆ ನೀವು ಆಯಿ. ಅವರಲ್ಲಿ ಕೆಲವರ ಅಪ್ಪಂದಿರೂ ಇದೇ ಅಂಗಳದಲ್ಲಿ ತಟ್ಟೆ ಹಿಡಿದು ನಿಮ್ಮ ಮುಂದೆ ನಿಂತವರು. ಬಿಸಿಯೂಟ 2002ರಲ್ಲಿ ಬೀದರ, ಕಲಬುರಗಿ, ರಾಯಚೂರಿನ ಕಡೆಯ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಬೆಳಗಾವಿ ಜಿಲ್ಲೆಗೂ ಬಂತು. ಆಗಿನಿಂದ ನೀವು ಇಲ್ಲಿದ್ದೀರಿ.

ಹಾಲು ಮೊದಲು. ಮಗುವಿಗೆ ಹದಿನೆಂಟು ಗ್ರಾಂ ಪುಡಿಯಂತೆ ಮೂರು ಕಿಲೋಗೂ ಮೇಲೆ. ಬಿಸಿನೀರಿಗೆ ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ತಣ್ಣೀರಲ್ಲಿ ಕಲಸಿಕೊಂಡು ಬಿಡಬೇಕು. ಹುಟ್ಟು ತಿರುಗಿಸುತ್ತ ಹೋದಂತೆ ಭುಜದ ಕೀಲಿನಲ್ಲಿ ಏನೋ ಕಟಕಟ ಎನ್ನುತ್ತದೆ, ನೋಯುವುದಿಲ್ಲ. ಸಹಾಯಕ ಅಡುಗೆಯವರಿಬ್ಬರೂ ಬಂದರು. ಒಬ್ಬಳು ಮೊಟ್ಟೆ ಎಣಿಸಲು ಕೂತಳು, ಇನ್ನೊಬ್ಬಳು ಗಜ್ಜರಿ, ಬಟಾಟಿ ಹೆಚ್ಚುತ್ತಿದ್ದಾಳೆ. ಹದಿನೆಂಟು ಕಿಲೋ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರುವುದು ನಿಮ್ಮ ಪಾಲು. ಅಕ್ಕಿ ಹಾರಿ ಬೀಳುವ ಸದ್ದಿನಲ್ಲೇ ನಿಮಗೆ ಹುಳ ಎಷ್ಟಿದೆ, ಧೂಳು ಎಷ್ಟಿದೆ ಗೊತ್ತಾಗುತ್ತದೆ. ಈ ಚೀಲ ಚಲೋ ಇದೆ.

ಎಣ್ಣೆ ಪಾಕೀಟು ಕತ್ತರಿಸಿದ ಕೂಡಲೆ ಮೂಗಿಗೆ ಹಿಡಿಯುತ್ತೀರಿ. ಹೊಸಬರು ನಿಮ್ಮನ್ನು ನೋಡಿ ನಕ್ಕಿದ್ದುಂಟು. ನೀವು ನಗುವುದಿಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಶಾಲೆಯಲ್ಲಿ ಕೀಟನಾಶಕ ಬೆರೆತಿದ್ದ ಅಡುಗೆ ಉಂಡು 23 ಮಕ್ಕಳು ಸತ್ತರು. ಆ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ ನೀವು ಎದ್ದು ಕೂತಿದ್ದಿರಿ, ನೆನಪಿದೆಯೇ? ಮರುದಿನದಿಂದ ಪ್ರತಿ ಪಾಕೀಟೂ, ಪ್ರತಿ ಬೇಳೆ ಹಿಡಿಯೂ ನಿಮ್ಮ ಮೂಗಿನ ಕೆಳಗೆ ಹಾದೇ ಒಲೆಗೆ ಹೋಗುತ್ತಿದೆ. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿದೆ, ಒಳ್ಳೆಯ ನಿಯಮ. ಆದರೆ ಅವರಿಗಿಂತ ಮೊದಲು ಉಣ್ಣುವವರು ನೀವು. ಈಗಲೂ ಒಂದು ಚಮಚ ಸಾಂಬಾರು ಅಂಗೈಗೆ ಹಾಕಿಕೊಂಡು ನೆಕ್ಕುತ್ತೀರಿ. ಉಪ್ಪು ಒಂದು ಚಿಟಿಕೆ ಕಡಿಮೆ. ಬಿಟ್ಟುಬಿಡಿ, ಒಂದನೇ ತರಗತಿಯವರ ಬಾಯಿಗೆ ಅದೇ ಸರಿ.

ಹನ್ನೆರಡೂವರೆ ದಾಟಿದೆ. ಸಾಂಬಾರಿನ ಬೋಗೋಣಿ ಒಲೆಯಿಂದ ಇಳಿಯಬೇಕು.

ನಾನು ಇಷ್ಟು ಹೊತ್ತು ನಿಮ್ಮನ್ನು ಇಲ್ಲಿ ನಿಲ್ಲಿಸಿಕೊಂಡದ್ದು ಈ ಗಳಿಗೆಗಾಗಿ. ಒಳಗೆ ಮೂವತ್ತು ಲೀಟರಿನಷ್ಟು ಕುದಿ ಇದೆ. ಪಾತ್ರೆಯ ಭಾರವೂ ಸೇರಿ ಮೂವತ್ತೈದು ಕಿಲೋ. ಆ ಕಡೆಯ ಕಿವಿಗೆ ಕಿರಿಯವಳು, ಈ ಕಡೆಯ ಕಿವಿಗೆ ನೀವು. ಇಬ್ಬರ ಕೈಯಲ್ಲೂ ಮಡಚಿದ ಹಳೆ ಅರಿವೆ. ಒಲೆಯಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಬಾಗಿಲಲ್ಲಿ ಒಂದು ಮೆಟ್ಟಿಲು ಇಳಿಕೆ, ಅಲ್ಲಿಂದ ಪಡಸಾಲೆ. ಗಂಟೆ ಇನ್ನೂ ಬಾರಿಸಿಲ್ಲ, ಮಕ್ಕಳು ತರಗತಿಯಲ್ಲಿದ್ದಾರೆ. ಗಂಟೆಗೆ ಮುಂಚೆಯೇ ಇದು ನೆಲ ಕಾಣಬೇಕೆಂಬುದು ನೀವೇ ಮಾಡಿಕೊಂಡ ಕಟ್ಟಳೆ. ಹೋದ ವರ್ಷ, 2023ರ ನವೆಂಬರಿನಲ್ಲಿ, ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಚಿಣಮಗೇರಿ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು, ಸುಟ್ಟ ಗಾಯಗಳಿಂದ ತೀರಿಕೊಂಡಳು. ಆ ಕೂಸಿನ ಮುಖ ನೀವು ಕಂಡಿಲ್ಲ. ಆದರೂ ಬೋಗೋಣಿ ಎತ್ತುವಾಗೆಲ್ಲ ಕಾಣುತ್ತದೆ.

“ಎತ್ತೂಣೇನ್ರಿ ಯಕ್ಕಾ?”

“ಎತ್ತು.”

ಹಬೆ ಮುಖಕ್ಕೆ ರಾಚುತ್ತದೆ. ಕನ್ನಡಕ ಮಂಜಾಗುತ್ತದೆ. ಒಂದು ಹೆಜ್ಜೆ. ಎರಡು. ಅರಿವೆಯ ಮಡಿಕೆ ದಾಟಿ ಬಿಸಿ ಬೆರಳಿಗೆ ತಾಗಿದೆ, ತಡೆದುಕೊಳ್ಳಿ. ಮೂರು. ಮೆಟ್ಟಿಲು ಎಲ್ಲಿ? ಕಾಲು ಮುಂದೆ ಚಾಚಿ ತಡಕುತ್ತೀರಿ. ಸಿಕ್ಕಿತು. ಭಾರವೆಲ್ಲ ಈಗ ಬಲ ಮಣಿಕಟ್ಟಿನ ಮೇಲೆ. ಅಷ್ಟರಲ್ಲಿ ಎಡಗಡೆಯಿಂದ ದಡದಡ ಸದ್ದು. ಎರಡನೇ ತರಗತಿಯ ಹುಡುಗ. ಕೈಯಲ್ಲಿ ತಟ್ಟೆ. ಗಂಟೆಗೂ ಮುಂಚೆ ಓಡಿ ಬಂದಿದ್ದಾನೆ.

“ಏ, ಸರಿ! ಸರಿಯೋ!”

ಅವನು ನಿಂತ. ಆದರೆ ನಿಮ್ಮ ಮಣಿಕಟ್ಟು ನಿಲ್ಲಲಿಲ್ಲ. ಒಳಗೆ ಏನೋ ಸಡಿಲಿತು, ನೋವಿಲ್ಲ, ಬಲವೇ ಇಲ್ಲ. ಬೋಗೋಣಿ ವಾಲುತ್ತಿದೆ. ಸಾಂಬಾರು ಅಂಚಿಗೆ ಬಂತು. ಎಡಕ್ಕೆ ಬಿಟ್ಟರೆ ಹುಡುಗ. ಕೈಬಿಟ್ಟು ಹಿಂದೆ ಹಾರಿದರೆ ನೀವು ಉಳಿಯುತ್ತೀರಿ, ಎದುರಿನವಳು ಉಳಿಯುವುದಿಲ್ಲ. ಯೋಚನೆಗೆ ಹೊತ್ತಿಲ್ಲ. ಮೊಣಕಾಲನ್ನು ಪಾತ್ರೆಯ ಕೆಳಗೆ ಕೊಡುತ್ತೀರಿ, ನಿಮ್ಮ ಕಡೆಗೇ ಎಳೆಯುತ್ತೀರಿ. ಒಂದು ಸೌಟಿನಷ್ಟು, ಎರಡು ಸೌಟಿನಷ್ಟು ಕುದಿ ನಿಮ್ಮ ಪಾದದ ಮೇಲೆ. ಕಿರುಚಬೇಡಿ. ಇಳಿಸಿ. ಮೊದಲು ಇಳಿಸಿ.

ಬೋಗೋಣಿಯ ತಳ ನೆಲಕ್ಕೆ ಗರಗರನೆ ಉಜ್ಜಿ ನಿಂತಿತು. ಆಗ ಉರಿ ಬಂತು.

ಕಿರಿಯವಳು ನಿಮ್ಮನ್ನು ಹೊಸ್ತಿಲ ಮೇಲೆ ಕೂರಿಸಿ ಕೊಡದಿಂದ ತಣ್ಣೀರು ಸುರಿಯುತ್ತಿದ್ದಾಳೆ. ಯಾರೋ ಅರಿಷಿಣ ತರಲು ಓಡಿದರು, ನೀವು ಬೇಡ ಅಂದಿರಿ. ನೀರು ಬೀಳುತ್ತಲೇ ಇರಬೇಕು, ಅಷ್ಟೇ ಔಷಧ. ಹವಾಯಿ ಚಪ್ಪಲಿಯ ಪಟ್ಟಿ ಇದ್ದ ಕಡೆ ಬಿಳಿ, ಉಳಿದ ಕಡೆ ಕೆಂಪು. ಬೊಬ್ಬೆ ಎರಡೇ ಎದ್ದಾವು. ಹುಡುಗ ತಟ್ಟೆ ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದಾನೆ. “ಹೋಗೋ, ಸಾಲಿನಾಗ ನಿಂದರ ಹೋಗ,” ಅನ್ನುತ್ತೀರಿ, ದನಿ ನಡುಗದಂತೆ. ಗಂಟೆ ಬಾರಿಸಿತು.

“ಯಕ್ಕಾ,” ಕಿರಿಯವಳು ತಲೆ ಎತ್ತದೆ ಹೇಳುತ್ತಾಳೆ, “ಇದು ಇನ್ನ ನಿಮಗ ಆಗೂದಿಲ್ರಿ.”

ಅವಳು ಹೇಳಿದ್ದು ನಿಜ. ಇಲ್ಲಿ ನಾನು ನಿಮಗೆ ಸಮಾಧಾನದ ಮಾತು ಹೇಳಲಾರೆ. ಮಣಿಕಟ್ಟಿಗೆ ವಯಸ್ಸಾಗಿದೆ. ಕನ್ನಡಕಕ್ಕೆ ಹಬೆ ಕವಿಯುತ್ತದೆ. ಅರವತ್ತಕ್ಕೆ ಈ ಕೆಲಸ ಬಿಡಬೇಕೆಂದು ನಿಯಮ ಬರೆದವರ ಮನಸ್ಸಿನಲ್ಲಿ ಇಂಥದ್ದೇ ಒಂದು ಬೋಗೋಣಿ ಇದ್ದಿರಬಹುದು. ಆದರೆ ಬೆಳಗಿನಿಂದ ನೀವು ಮಾಡಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. ಬಾಗಿಲಲ್ಲಿ ಮೂಸಿದ್ದು, ಹಾಲು ಗಂಟು ಕಟ್ಟದಂತೆ ಕಲಸಿದ್ದು, ಅಕ್ಕಿಯ ಸದ್ದು ಕೇಳಿದ್ದು, ಎಣ್ಣೆ ನೋಡಿದ್ದು, ಉಪ್ಪನ್ನು ಆರು ವರ್ಷದವರ ನಾಲಿಗೆಗೆ ನಿಲ್ಲಿಸಿದ್ದು, ಯಾರ ಕಡೆಗೆ ವಾಲಬೇಕೆಂದು ಕಣ್ಣೆವೆ ಮುಚ್ಚುವುದರೊಳಗೆ ತೀರ್ಮಾನಿಸಿದ್ದು. ಇದರಲ್ಲಿ ಮುಪ್ಪಿಗೆ ಸೋತದ್ದು ಒಂದೇ ಒಂದು, ಮೂವತ್ತೈದು ಕಿಲೋ ಎತ್ತಿ ನಾಲ್ಕು ಹೆಜ್ಜೆ ನಡೆಯುವುದು. ಅದೊಂದಕ್ಕಾಗಿ ಉಳಿದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದೇವೆ.

ಆ ಒಂದು ಬೋಗೋಣಿ ಎರಡಾಗಬಾರದೇ? ಹದಿನೈದು ಲೀಟರಿನವು ಎರಡು. ಒಲೆ ಒಂದಡಿ ಕೆಳಗಾದರೆ, ಆ ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಬಂದರೆ, ಕಾಲಿಗೆ ಗಾಲಿಯಿರುವ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರೆ? ಯರಗಟ್ಟಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ ಇದನ್ನು ಬೆಸೆದು ಕೊಡುವ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. 2007ರಲ್ಲಿ ಜರ್ಮನಿಯ ಡಿಂಗೋಲ್‌ಫಿಂಗ್ ಎಂಬ ಊರಿನ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ, ಕೆಲಸಗಾರರಿಗೆ ಮುಂದೆ ಬರಲಿರುವ ಮುಪ್ಪನ್ನು ಎಣಿಸಿ, ಒಂದು ಸಾಲಿಗೆ ಬೇಕೆಂತಲೇ ವಯಸ್ಸಾದವರನ್ನು ಹೆಚ್ಚು ಹಾಕಿದರು. ಏನು ನೋಯುತ್ತದೆ ಎಂದು ಅವರನ್ನೇ ಕೇಳಿ ಎಪ್ಪತ್ತು ಸಣ್ಣ ಬದಲಾವಣೆ ಮಾಡಿದರು. ಕಾಂಕ್ರೀಟಿನ ಮೇಲೆ ಮರದ ನೆಲ, ಕೂರಲು ಕುರ್ಚಿ, ಸಣ್ಣ ಭಾಗ ನೋಡಲು ಭೂತಗನ್ನಡಿ. ಒಂದು ವರ್ಷದಲ್ಲಿ ಆ ಸಾಲಿನ ಉತ್ಪಾದನೆ ಶೇ 7ರಷ್ಟು ಏರಿತು. ಕಾರು ಮಾಡುವವರು ತಮ್ಮ ಕೆಲಸಗಾರರನ್ನು ಏನು ನೋಯುತ್ತದೆ ಎಂದು ಕೇಳಿದರು. ನಿಮ್ಮನ್ನು ಆ ಮಾತು ಯಾರೂ ಕೇಳಿಲ್ಲ.

ಊಟ ಮುಗಿಯಿತು. ಪಾದ ಒದ್ದೆ ಅರಿವೆಯಲ್ಲಿ ಸುತ್ತಿದೆ. ಹೆಡ್ ಮಾಸ್ತರರು ಕರೆಯುತ್ತಿದ್ದಾರೆ.

“ಆಯಿ, ಕುಂದರ್ರಿ. ಕಾಲು ಹೆಂಗೈತ್ರಿ? ದವಾಖಾನಿಗೆ ಹೋಗಿ ಬರ್ರಿ ಮದಲ.” ಅವರು ಒಳ್ಳೆಯ ಮನುಷ್ಯ. ಮೇಜಿನ ಮೇಲಿನ ಹಾಳೆಯನ್ನು ಎರಡು ಸಲ ಸರಿಮಾಡಿ ಇಡುತ್ತಾರೆ. ನಿಮ್ಮ ಹುಟ್ಟಿದ ದಿನ 1965ರ ಜನವರಿ 1 ಎಂದು ಅದರಲ್ಲಿದೆ. ನಾಳೆಯೊಂದು ದಿನ, ಆಮೇಲೆ ನಿಮಗೆ ಅರವತ್ತು.

ಈ ತಾರೀಕನ್ನು ಕೊಟ್ಟವರು ನಿಮ್ಮ ಅವ್ವ ಅಲ್ಲ. ಆಧಾರ್ ಮಾಡಿಸಿದ ದಿನ ಕಂಪ್ಯೂಟರ್ ಮುಂದೆ ಕೂತ ಹುಡುಗ ನಿಮ್ಮ ಮುಖ ನೋಡಿ ಒಂದು ಇಸವಿ ಅಂದಾಜು ಮಾಡಿದ, ತಾರೀಕು ತಾನಾಗಿ ಜನವರಿ 1 ಆಯಿತು. ನಿಮ್ಮ ಓರಗೆಯ ಎಷ್ಟೋ ಹೆಣ್ಣುಮಕ್ಕಳು ಕಾಗದದ ಮೇಲೆ ಅದೇ ದಿನ ಹುಟ್ಟಿದ್ದಾರೆ. ಅವ್ವ ಹೇಳುತ್ತಿದ್ದದ್ದು ಬೇರೆ, ಎಪ್ಪತ್ತೆರಡರ ಬರದಾಗ ನಿನ್ನ ಕೈ ಹಿಡಕೊಂಡು ಗಂಜಿ ಕೇಂದ್ರಕ್ಕ ನಡದಿದ್ದೆ, ನಿನಗಾಗ ನಾಕು ವರ್ಷ ಅಂತ. ಹಾಗಾದರೆ ನಿಮಗೆ ಈಗ ಐವತ್ತಾರು. ಮಗ ನಿನ್ನೆ ರಾತ್ರಿಯೂ ಅಂದ, ತಾರೀಕು ತಿದ್ದಿಸೋಣ ಅಂತ. ಅದನ್ನು ಒಮ್ಮೆ ಮಾತ್ರ ತಿದ್ದಬಹುದು, ದಾಖಲೆ ಬೇಕು. ದಾಖಲೆ ಎಲ್ಲಿದೆ? ಇದ್ದರೂ, ತಿದ್ದಿಸಿದರೂ ಲೆಕ್ಕ ಸರಳವಿಲ್ಲ. ಅರವತ್ತಾಯಿತೆಂದು ಬರೆದಿದ್ದರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದ 800 ರೂಪಾಯಿಗೆ ಈಗಲೇ ಅರ್ಜಿ ಹಾಕಬಹುದು, ಅರವತ್ತೈದಕ್ಕೆ ಅದು 1,200 ಆಗುತ್ತದೆ. ವಯಸ್ಸು ಇಳಿಸಿಕೊಂಡರೆ ಒಲೆ ನಾಲ್ಕು ವರ್ಷ ಉಳಿಯುತ್ತದೆ, ಪಿಂಚಣಿ ನಾಲ್ಕು ವರ್ಷ ಹಿಂದೆ ಸರಿಯುತ್ತದೆ. ಒಲೆಯ 3,700 ರೂಪಾಯಿ ದೊಡ್ಡದು, ಆದರೆ ಅದು ವರ್ಷಕ್ಕೆ ಹತ್ತೇ ತಿಂಗಳು. ಅದರಲ್ಲಿ ಕೇಂದ್ರದ ಪಾಲು 600 ರೂಪಾಯಿ ಮಾತ್ರ. ಇವತ್ತಿನ ಮಣಿಕಟ್ಟನ್ನು ನೆನೆದರೆ ಇನ್ನೂ ನಾಲ್ಕು ವರ್ಷ ಆ ಬೋಗೋಣಿ ಎತ್ತುವ ಧೈರ್ಯ ನಿಮಗೇ ಇಲ್ಲ.

“ಬೋಗೋಣಿ ಬಿದ್ದಿದ್ರ ಆ ಹುಡುಗನ ಮ್ಯಾಲ ಬೀಳತಿತ್ತು ಸರ್,” ಅನ್ನುತ್ತೀರಿ. ಮಾಸ್ತರರು ಮಾತಾಡುವುದಿಲ್ಲ.

ಅವರಿಗೂ ಅರವತ್ತಕ್ಕೇ ನಿವೃತ್ತಿ. ಆ ದಿನ ಶಾಲು, ಹಾರ, ಗ್ರೂಪ್ ಫೋಟೋ ಇರುತ್ತವೆ, ತಿಂಗಳು ತಿಂಗಳು ಬ್ಯಾಂಕಿಗೆ ಹಣವೂ ಬರುತ್ತದೆ. ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಬಿಸಿಯೂಟ ಅಡುಗೆಯವರಿಗೆ ಇಲ್ಲದ್ದು ಅದೇ. ನಿಮಗೆ ಸಿಗುವುದು ಗೌರವಧನ, ಆದ್ದರಿಂದ ಪಿಂಚಣಿಯ ಮಾತಿಲ್ಲ. 2022ರಲ್ಲಿ ಅರವತ್ತು ತುಂಬಿದ ಸಾವಿರಾರು ಹೆಣ್ಣುಮಕ್ಕಳನ್ನು ಬರಿಗೈಲಿ ಮನೆಗೆ ಕಳಿಸಿದಾಗ ಅಕ್ಷರ ದಾಸೋಹ ನೌಕರರ ಸಂಘದವರು ಬೀದಿಗಿಳಿದರು. ಕೆಲಸ ಬಿಡುವಾಗ ಒಂದು ಲಕ್ಷ ರೂಪಾಯಿ ಇಡಿಗಂಟು ಕೊಡಿ ಎಂದು ಕೇಳಿದರು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಆಚೆ ಬಯಲಿನ ಪೆಂಡಾಲಿನಲ್ಲಿ ನೀವೂ ಕೂತು ಬಂದವರು. ಬಸ್ಸಿನ ಟಿಕೀಟು ಪುಕ್ಕಟೆ, ಆದರೆ ಆ ದಿನದ ಕೆಲಸಕ್ಕೆ ಬದಲಿ ಹೆಣ್ಣಾಳಿಗೆ ನೀವೇ ಕೂಲಿ ಕೊಟ್ಟಿದ್ದಿರಿ.

ನಿಮ್ಮ ಜಾಗಕ್ಕೆ ಬರುವವಳು ಆಗಲೇ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಗಂಡ ತೀರಿದ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವಳ ಎರಡು ಮಕ್ಕಳು ಇದೇ ಶಾಲೆಯಲ್ಲಿ ಓದುತ್ತಿದ್ದಾರೆ. ಅವಳನ್ನು ನೋಡಿದಾಗ ನಿಮಗೆ ಸಿಟ್ಟು ಬರಬೇಕೆಂದು ಅಂದುಕೊಂಡಿದ್ದಿರಿ, ಬರಲಿಲ್ಲ. 2003ರಲ್ಲಿ ನೀವೂ ಹೀಗೇ ನಿಂತಿದ್ದಿರಿ. ವಯಸ್ಸಾದವರನ್ನು ಕೆಲಸದಲ್ಲಿ ಉಳಿಸಿ ಎಂದು ಪಟ್ಟಣದಲ್ಲಿ ಕೂತು ಹೇಳುವವರು ಈ ಬಾಗಿಲಿಗೊಮ್ಮೆ ಬರಬೇಕು. ಒಂದು ಒಲೆಗೆ ಇಬ್ಬರ ಹೊಟ್ಟೆ ಕಾದಿರುವಾಗ ಒಬ್ಬರನ್ನು ಉಳಿಸುವುದೆಂದರೆ ಇನ್ನೊಬ್ಬರನ್ನು ಹೊರಗಿಡುವುದೇ. ಅದಕ್ಕೇ ನನ್ನ ಬೇಡಿಕೆ ನಿಮ್ಮನ್ನು ಅದೇ ಕುರ್ಚಿಯಲ್ಲಿ ಇನ್ನಷ್ಟು ವರ್ಷ ಕೂರಿಸಿ ಎಂದಲ್ಲ. ಬೋಗೋಣಿ ಅವಳು ಎತ್ತಲಿ, ಪೂರ್ತಿ ಗೌರವಧನ ಅವಳಿಗೇ ಹೋಗಲಿ. ಮೂಸಿ, ಕೇರಿ, ರುಚಿ ನೋಡಿ, ಕಲಿಸಿ ಕೊಡುವ ಇನ್ನೊಂದು ಜಾಗ, ದಿನಕ್ಕೆ ಎರಡು ತಾಸಿನದು, ಪ್ರತಿ ದೊಡ್ಡ ಅಡುಗೆಮನೆಯಲ್ಲೂ ಇರಲಿ, ಅದಕ್ಕೊಂದು ದುಡ್ಡೂ ಇರಲಿ.

“ಯಕ್ಕಾ, ಉಪ್ಪು ಎಷ್ಟ ಹಾಕತೀರಿ?” ಹೊಸಬಳು ಕೇಳುತ್ತಾಳೆ.

“ಎರಡ ಮುಟಗಿ ಮದಲ. ಬ್ಯಾಳಿ ಒಡದ ಮ್ಯಾಲ ಅರ್ಧ. ನನ್ನ ಮುಟಗಿ ಸಣ್ಣದೈತಿ, ನಿಂದು ದೊಡ್ಡದೈತಿ. ನಾಳೆ ಲಗೂ ಬಾ, ಕೂಡೇ ಹಾಕೂಣು.”

ಸಂಜೆ ನಾಲ್ಕರ ಬಿಸಿಲಿಗೆ ನೀವು ಕುಂಟುತ್ತ ಗ್ರಾಮ ಪಂಚಾಯಿತಿಯ ಕಡೆ ಹೊರಟಿದ್ದೀರಿ. ಪಾದದಲ್ಲಿ ಪ್ರತಿ ಹೆಜ್ಜೆಗೂ ಚುಳಕು. ದಾರಿಯಲ್ಲಿ ಹತ್ತಿ ಬಿಡಿಸಿ ಬರುತ್ತಿರುವ ಗುಂಪು ಎದುರಾಗುತ್ತದೆ, ತಲೆಯ ಮೇಲೆ ಗಂಟು. ಮುಂದಿದ್ದವಳು ಕೂಗುತ್ತಾಳೆ: “ನಾಡದಿಂದ ನಮ್ಮ ಕೂಡ ಬರ್ತೀಯಿಲ್ಲೋ?” ಅವಳಿಗೆ ನಿಮಗಿಂತ ಹತ್ತು ವರ್ಷ ಹೆಚ್ಚು. ಹೊಲದಲ್ಲಿ ಯಾರ ಆಧಾರನ್ನೂ ಯಾರೂ ಕೇಳುವುದಿಲ್ಲ. ಸುಗ್ಗಿ ಇರುವಷ್ಟು ದಿನ ಸೊಂಟ ಬಗ್ಗಿದರೆ ಸಾಕು. ಅಡುಗೆಮನೆಗೆ ಮುದುಕಿಯಾದ ನೀವು ಹತ್ತಿಹೊಲಕ್ಕೆ ಇನ್ನೂ ಕಿರಿಯಳು. ಈ ಸೀಮೆಯಲ್ಲಿ ಅರವತ್ತಕ್ಕೆ ಯಾವ ಹೆಣ್ಣುಮಗಳೂ ದುಡಿಮೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಅರವತ್ತಾದ ಮೇಲೆ ಅವರು ದುಡಿಯುವುದು ನೆರಳಿಲ್ಲದ, ಲೆಕ್ಕಕ್ಕಿಲ್ಲದ ಕಡೆ.

ಪಂಚಾಯಿತಿ ಕಚೇರಿಯಲ್ಲಿ ಫ್ಯಾನ್ ತಿರುಗುತ್ತಿದೆ, ಕಂಪ್ಯೂಟರ್ ಆಪರೇಟರ್ ಎದ್ದು ಹೋಗುವ ತಯಾರಿಯಲ್ಲಿದ್ದಾನೆ. ಗೋಡೆಯ ಮೇಲೆ ಉದ್ಯೋಗ ಖಾತ್ರಿಯ ಬರಹ. ದಿನಕ್ಕೆ 349 ರೂಪಾಯಿ, ಮನೆಗೆ ವರ್ಷಕ್ಕೆ 100 ದಿನ. ಹನ್ನೊಂದು ದಿನ ಮಣ್ಣು ಹೊತ್ತರೆ ಅಡುಗೆಮನೆಯ ಒಂದು ತಿಂಗಳ ದುಡ್ಡು. ಆದರೆ ಆ ನೂರು ದಿನಗಳನ್ನು ಮಗ, ಸೊಸೆಯ ಜೊತೆ ಹಂಚಿಕೊಳ್ಳಬೇಕು. ಆ ಬರಹದ ಕೆಳಗಿನ ಸಾಲನ್ನು ನಿಧಾನಕ್ಕೆ ಅಕ್ಷರ ಕೂಡಿಸಿ ಓದಿ. ಅರವತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಶೇ 50 ರಿಯಾಯಿತಿ. ಉಳಿದವರು ಒಂದು ಗುಂಡಿ ಅಗೆದರೆ ನೀವು ಅರ್ಧ ಅಗೆದರೆ ಸಾಕು, ಕೂಲಿ ಮಾತ್ರ ಪೂರ್ತಿ.

ಮತ್ತೊಮ್ಮೆ ಓದಿ. ಮುಪ್ಪಾದ ಮೈಗೆ ಅರ್ಧ ಅಳತೆ, ಪೂರ್ತಿ ಕೂಲಿ ಎಂಬುದನ್ನು ಇದೇ ಸರ್ಕಾರ ಒಪ್ಪಿಕೊಂಡಿದೆ, ಬರೆದಿದೆ, ಜಾರಿ ಮಾಡಿದೆ. ಕೆರೆಯ ಹೂಳಿಗೆ ಇರುವ ಆ ತಿಳಿವಳಿಕೆ ಸಾಂಬಾರಿನ ಬೋಗೋಣಿಯ ತನಕ ಬಂದಿಲ್ಲ.

“ಏನ್ ಬೇಕಾಗಿತ್ರಿ ಆಯಿ?”

“ನಮೂನೆ ಆರು.”

ಅದು ಕೆಲಸ ಕೇಳುವ ಅರ್ಜಿ. ಅವನು ಮತ್ತೆ ಕುರ್ಚಿಗೆ ಕೂರುತ್ತಾನೆ. ಹೆಸರು, ಜಾಬ್ ಕಾರ್ಡ್ ನಂಬರು, ಎಷ್ಟು ದಿನ ಬೇಕು. ನಿಮ್ಮ ಪಾದದ ಅರಿವೆ ಕಡೆ ಒಮ್ಮೆ ನೋಡುತ್ತಾನೆ. “ಬುಟ್ಟಿ ಹೊರಾಕ ಆಗತೈತೇನ್ರಿ ನಿಮಗ?”

ಬಲ ಮಣಿಕಟ್ಟನ್ನು ಸೆರಗಿನೊಳಗೆ ಹಿಸುಕಿಕೊಳ್ಳುತ್ತೀರಿ. ಆಗತೈತಿ ಎಂದರೆ ಅರ್ಧ ಅಳತೆಯ ಮಣ್ಣಾದರೂ ಹೊರಬೇಕು. ಆಗುವುದಿಲ್ಲ ಎಂದರೆ ಅವನು ಹಾಳೆ ಮಡಚಿ ಇಟ್ಟಾನೆಂಬ ಅಂಜಿಕೆ. ಇನ್ನೊಂದು ದಾರಿ ನಿಮಗೆ ಗೊತ್ತಿದೆ. ಕೆಲಸದ ಜಾಗದಲ್ಲಿ ಸಣ್ಣ ಕೂಸುಗಳು ಐದಿದ್ದರೆ ಅವನ್ನು ನೋಡಿಕೊಳ್ಳಲು ಒಬ್ಬರನ್ನು ಇಡಬೇಕು, ಅವರಿಗೂ ಅದೇ ಕೂಲಿ. ಕಾನೂನಿನಲ್ಲೇ ಇದೆ, ಪೆಂಡಾಲಿನಲ್ಲಿ ಕೂತಾಗ ಸಂಘದವರು ಹೇಳಿದ್ದು.

“ಕೂಸು ನೋಡಾಕ ಒಬ್ಬರು ಬೇಕಾಗತಾರಲ್ರಿ,” ಅನ್ನುತ್ತೀರಿ. “ಅದಕ್ಕ ನನ್ನ ಹೆಸರು ಬರಕೋರಿ. ಇಲ್ಲಾಂದ್ರ ಅರ್ಧ ಅಳತಿದ ಬರಕೋರಿ. ಹದಿನೈದು ದಿನದಾಗ ಕೆಲಸ ಕೊಡಬೇಕ್ರಿ, ಇಲ್ಲಾಂದ್ರ ಭತ್ಯೆ.”

ಅವನು ತಲೆಯೆತ್ತಿ ನೋಡಿ, ಬರೆಯತೊಡಗುತ್ತಾನೆ. ಹೆಬ್ಬೆಟ್ಟಿನ ಶಾಯಿ ಡಬ್ಬಿ ನಿಮ್ಮ ಕಡೆ ಸರಿಸುತ್ತಾನೆ. ನೀವು ಅದನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳುತ್ತೀರಿ. ಸಹಿ ಮುಗಿದ ಮೇಲೂ ಎದ್ದು ಹೋಗುವುದಿಲ್ಲ.

“ತಾರೀಕ ಹಾಕಿ ರಸೀದಿ ಕೊಡ್ರಿ.”